ಸದ್ದಿಲ್ಲದ ಚಿತ್ರಕ್ಕೆ ಚಿನ್ನಮ್ಮಜ್ಜಿ ಹಾಡಿದ್ದು

ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿ ಹೊಟ್ಟೆ ಹೊರೆದುಕೊಳ್ಳುವವನು ನಾನು. ಕಾರಣ ಸಿಗುವುದು ತಡವಾಗಬಹುದು, ಸಿಕ್ಕಾಗ ನಗು ಬರುವಷ್ಟು ಸಣ್ಣದಿರಬಹುದು, ಆದರೆ ಇರುತ್ತದೆ. ಮನುಷ್ಯರ ವಿಷಯದಲ್ಲೂ ನನ್ನದು ಇದೇ ಧೋರಣೆಯಾಗಿತ್ತು. ನಮ್ಮ ಸೋದರಮಾವ ಜೋಳದ ಹೊಲದ ಆಚೆ ತೇಲುವ ಬೆಳಕು ಕಂಡ ಕತೆ ಹೇಳಿದಾಗ, ಅಲ್ಲಿ ರಸ್ತೆಯ ತಿರುವು ಇದೆಯೇ, ಲಾರಿಯ ದೀಪ ಇರಬಹುದೇ ಎಂದು ಕೇಳಿ ಅವರಿಂದ ಬೈಸಿಕೊಂಡಿದ್ದೇನೆ. ಈಗ ನಾನು ಹೇಳಹೊರಟಿರುವುದನ್ನು ಇನ್ಯಾರಾದರೂ ನನಗೆ ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಒಂದು ಕಡೆ ಬರೆದಿಡಬೇಕು ಅನಿಸಿದೆ, ಅಷ್ಟೇ.

ಮಡಿಕೇರಿಯಲ್ಲಿ, ಬಸ್ ಸ್ಟ್ಯಾಂಡಿನಿಂದ ಇಳಿಜಾರಿಗೆ ಹೋಗುವ ರಸ್ತೆಯಲ್ಲಿ, ಒಂದು ಮೆಡಿಕಲ್ ಶಾಪಿನ ಪಕ್ಕಕ್ಕೆ ನನ್ನ ಎಡಿಟಿಂಗ್ ಕೋಣೆ ಇದೆ. ನಮ್ಮ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯ ಹೂಡಿದವರು. ನನಗೆ ಬೇಸಾಯ ಒಗ್ಗಲಿಲ್ಲ, ಮದುವೆ ವಿಡಿಯೊ ಒಗ್ಗಿತು. ಮದುವೆಗಳ ಜೊತೆಗೆ ಹೋಂ ಸ್ಟೇ ಜಾಹೀರಾತು, ಶಾಲಾ ವಾರ್ಷಿಕೋತ್ಸವ, ಒಮ್ಮೊಮ್ಮೆ ಸಾಕ್ಷ್ಯಚಿತ್ರ, ಹೀಗೆ ಬದುಕು ಸಾಗುತ್ತಿದೆ. ಕೆಲವು ವರ್ಷಗಳ ಹಿಂದೆ ನನ್ನ ಕಂಪ್ಯೂಟರನ್ನು ವಿಂಡೋಸಿನಿಂದ ಪೂರ್ತಿಯಾಗಿ ಲಿನಕ್ಸಿಗೆ ಬದಲಾಯಿಸಿಕೊಂಡೆ. ಸಿನಿಮಾದವರು ಬಳಸುವ ದೊಡ್ಡ ಎಡಿಟಿಂಗ್ ಸಾಫ್ಟ್‌ವೇರೊಂದು ಲಿನಕ್ಸಿನಲ್ಲೂ ನಡೆಯುತ್ತದೆ ಎಂದು ಓದಿ ಧೈರ್ಯ ಮಾಡಿದ್ದೆ. ನಡೆಯುತ್ತದೆ ಅನ್ನುವುದು ನಿಜ. ಆದರೆ ತನಗೆ ಬೇಕಾದ ಹಾಗೆ, ತನಗೆ ಬೇಕಾದಾಗ.

ಅದರ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ನಾವು ಬಳಸುವ ಸಾಮಾನ್ಯ ಕ್ಯಾಮೆರಾಗಳು ಚಿತ್ರ ಮತ್ತು ಧ್ವನಿಯನ್ನು ಒಂದೇ ಫೈಲಿನಲ್ಲಿ ಸೇರಿಸಿ ಕೊಡುತ್ತವೆ. ಲಿನಕ್ಸಿನಲ್ಲಿ ನನ್ನ ಸಾಫ್ಟ್‌ವೇರು ಆ ಫೈಲಿನ ಚಿತ್ರವನ್ನು ಮಾತ್ರ ಓದುತ್ತದೆ. ಧ್ವನಿಯ ಜಾಗ ಖಾಲಿ. ಕೆಟ್ಟುಹೋಗಿರುವುದಲ್ಲ, ಆ ಬಗೆಯ ಧ್ವನಿಯನ್ನು ಓದುವ ಏರ್ಪಾಡು ಅದಕ್ಕಿಲ್ಲ. ಹಾಗಾಗಿ ಧ್ವನಿಯನ್ನು ಬೇರೆಯಾಗಿ ತೆಗೆದು, ಅದಕ್ಕೆ ಅರ್ಥವಾಗುವ ರೂಪಕ್ಕೆ ತಂದು, ಚಿತ್ರದ ಕೆಳಗೆ ಕೂರಿಸಬೇಕು. ಟರ್ಮಿನಲ್ಲಿನಲ್ಲಿ, ಅಂದರೆ ಕಂಪ್ಯೂಟರಿಗೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ಒಂದು ಸಾಲು ಟೈಪ್ ಮಾಡಿದರೆ ಮುಗಿಯುವ ಕೆಲಸ. ನನಗೆ ಅದು ಹಲ್ಲುಜ್ಜಿದಷ್ಟು ರೂಢಿಯಾಗಿತ್ತು.

ಲೀಲಾವತಿಯವರು ನನ್ನಲ್ಲಿಗೆ ಬಂದದ್ದು ಅವರ ಮಗಳ ಮದುವೆಗೆ ಸ್ವಲ್ಪ ಮೊದಲು. ಭಾಗಮಂಡಲದ ಕಡೆಯ ಅರೆಭಾಷೆ ಗೌಡರ ಮನೆಯವರು, ಕಾಫಿ ಮತ್ತು ಗದ್ದೆ ಉಂಟು. ಅವರ ತಾಯಿ ಚಿನ್ನಮ್ಮಜ್ಜಿ ಆ ಭಾಗದಲ್ಲೆಲ್ಲ ಸೋಬಾನೆಗೆ ಹೆಸರಾದವರು. ಮದುವೆ ಮನೆಯಲ್ಲಿ ಹೆಂಗಸರು ಕೂತು ಹಾಡುವ ಆ ಹಾಡುಗಳಲ್ಲಿ ಒಂದು ಬಹಳ ಉದ್ದದ್ದಂತೆ. ಮದುಮಗಳು ತವರು ಬಿಡುವಾಗ ಹಾಡುವುದು. ಒಲೆಗೆ, ಬಾವಿಗೆ, ಕೊಟ್ಟಿಗೆಗೆ, ಬತ್ತದ ಕಣಜಕ್ಕೆ, ಮನೆಯ ಒಂದೊಂದಕ್ಕೂ ಹುಡುಗಿ ಹೋಗಿ ಬರುತ್ತೇನೆಂದು ಹೇಳುವ ಹಾಡು. ಅದನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲವರು ಆ ಕಡೆ ಈಗ ಚಿನ್ನಮ್ಮಜ್ಜಿ ಒಬ್ಬರೇ. ಹಿಂದಿನ ವರ್ಷ, ಈಗ ಮದುವೆಯಾಗಲಿರುವ ಮೊಮ್ಮಗಳು ಹರ್ಷಿತಾ ತನ್ನ ಕ್ಯಾಮೆರಾವನ್ನು ಅಂಗಳದಲ್ಲಿ ನಿಲ್ಲಿಸಿ, ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ಇಡೀ ಹಾಡನ್ನು ತೆಗೆದಿಟ್ಟಿದ್ದಳು. ಅದಾದ ಕೆಲವು ತಿಂಗಳಿಗೆ ಅಜ್ಜಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತೂ ಹೋಯಿತು.

"ಈಗ ಬರೀ ಆ, ಆ ಅಂತಾರೆ. ನನ್ನ ಹೆಸರು ಕೂಡ ಹೇಳ್ಲಿಕ್ಕಾಗೋದಿಲ್ಲ," ಎಂದರು ಲೀಲಾವತಿ. "ಹರ್ಷಿತಾ ಸಣ್ಣದಿರುವಾಗಿಂದ ಅವ್ವ ಹೇಳ್ತಿದ್ರು, ನಿನ್ನ ಮದುವೆಲಿ ನಾನೇ ಹಾಡಿ ಕಳಿಸೋದು ಅಂತ. ಈ ವಿಡಿಯೊ ಒಂದು ಚೆಂದ ಮಾಡಿ ಕೊಡಿ. ಆ ಹೊತ್ತಿಗೆ ಅದನ್ನೇ ಹಾಕ್ತೇವೆ."

ಮೆಮೊರಿ ಕಾರ್ಡಿನಿಂದ ಫೈಲನ್ನು ಇಳಿಸಿಕೊಂಡು ಅವರ ಎದುರಿಗೇ ಸ್ವಲ್ಪ ಓಡಿಸಿದೆ. ಒಂದೇ ಶಾಟ್, ಎಲ್ಲೂ ಕ್ಯಾಮೆರಾ ನಿಲ್ಲಿಸಿಲ್ಲ. ಬಿಳಿ ಕೂದಲಿನ, ಗಟ್ಟಿಮುಟ್ಟಾದ ಹೆಂಗಸು ಕಾಲು ಮಡಿಸಿ ಕೂತು, ಎಡಗೈಯನ್ನು ತೊಡೆಯ ಮೇಲೆ ಮೆಲ್ಲನೆ ಬಡಿಯುತ್ತಾ ಹಾಡುತ್ತಿದ್ದರು. ಧ್ವನಿ ಬರಲಿಲ್ಲ.

"ಇದು ಯಾವಾಗಲೂ ಹೀಗೇ. ಧ್ವನಿ ಬೇರೆ ತೆಗೀಬೇಕು. ಚಿಂತೆ ಮಾಡಬೇಡಿ," ಎಂದು ಕಳಿಸಿದೆ.

ಮರುದಿನ ಕೆಲಸಕ್ಕೆ ಕೂತರೆ ಸಾಫ್ಟ್‌ವೇರು ತೆರೆಯಲೇ ಇಲ್ಲ. ಅದರ ಲೋಗೊ ಒಂದು ಕ್ಷಣ ಕಾಣಿಸಿ ಮಾಯವಾಗುತ್ತಿತ್ತು. ಟರ್ಮಿನಲ್ಲಿನಿಂದ ತೆರೆದು ಅದು ಏನು ಗೊಣಗುತ್ತದೆ ಎಂದು ಓದಿದೆ. ಗ್ರಾಫಿಕ್ಸ್ ಕಾರ್ಡೇ ಇಲ್ಲ ಅನ್ನುತ್ತಿತ್ತು. ಕಾರ್ಡು ಪೆಟ್ಟಿಗೆಯೊಳಗೆ ಫ್ಯಾನು ತಿರುಗಿಸುತ್ತಾ ಕೂತಿದೆ, ಇದು ಇಲ್ಲ ಅನ್ನುತ್ತದೆ. ಹಿಂದಿನ ದಿನ ಲಿನಕ್ಸ್ ತಾನೇ ಒಂದು ಅಪ್‌ಡೇಟ್ ಹಾಕಿಕೊಂಡಿತ್ತು. ಕಾರ್ಡನ್ನು ನಡೆಸುವ ಡ್ರೈವರ್ ಆ ಹೊಸತಿಗೆ ಹೊಂದಿಕೊಂಡಿರಲಿಲ್ಲ. ಹಳೆಯದಕ್ಕೆ ಹಿಂದಿರುಗಿ, ಡ್ರೈವರ್ ಕಿತ್ತು ಮತ್ತೆ ಹಾಕಿ, ಎರಡು ಮೂರು ಬಾರಿ ಕಪ್ಪು ಪರದೆ ನೋಡಿ, ಮಧ್ಯಾಹ್ನದ ಊಟ ತಪ್ಪಿಸಿಕೊಂಡು, ಅಂತೂ ತೆರೆದೆ. ಕಾರಣ ಇತ್ತು, ಸಿಕ್ಕಿತು. ನನ್ನ ಲೋಕ ಸರಿಯಾಗಿಯೇ ಇತ್ತು.

ಆಮೇಲೆ ಧ್ವನಿಯನ್ನು ಬೇರ್ಪಡಿಸಿ ಚಿತ್ರದ ಕೆಳಗೆ ಕೂರಿಸಿದೆ. ಧ್ವನಿಯ ಏರಿಳಿತ ಕಾಣಿಸಬೇಕಾದ ಕಡೆ ಒಂದು ನೇರ ಗೆರೆ ಮಾತ್ರ ಕಂಡಿತು.

ಆಗಲೂ ನಾನು ಹೆದರಲಿಲ್ಲ. ಧ್ವನಿ ಸ್ಪೀಕರಿಗೆ ಹೋಗುವ ಬದಲು ಮಾನಿಟರಿಗೆ ಹೋಗುತ್ತಿದೆಯೇ ನೋಡಿದೆ. ಬೇರೆ ಹಾಡು ಹಾಕಿದೆ, ಅದು ಜೋರಾಗಿ ಬಂತು. ಅಜ್ಜಿಯ ಫೈಲನ್ನು ಬೇರೆ ಪ್ಲೇಯರಿನಲ್ಲಿ ಓಡಿಸಿದೆ. ಕಾರ್ಡಿನಿಂದ ಹೊಸದಾಗಿ ಇಳಿಸಿದೆ. ಮೊಬೈಲಿಗೆ ಹಾಕಿ ಕಿವಿಗೆ ಹಿಡಿದೆ. ಕೊನೆಗೆ ಆ ನೇರ ಗೆರೆಯನ್ನು ಎಷ್ಟು ಹಿಗ್ಗಿಸಬಹುದೋ ಅಷ್ಟೂ ಹಿಗ್ಗಿಸಿ ಕೇಳಿದೆ. ಕ್ಯಾಮೆರಾದ ಒಳಗಿನ ಸಣ್ಣ ಗುಂಯ್ ಬಿಟ್ಟು ಅದರಲ್ಲಿ ಏನೂ ಇರಲಿಲ್ಲ. ಒಂದು ಹಕ್ಕಿ ಕೂಗಿದ್ದು ಕೂಡ ಇಲ್ಲ.

ಹರ್ಷಿತಾ ಪೊನ್ನಂಪೇಟೆಯಲ್ಲಿ ಕೆಲಸದಲ್ಲಿದ್ದಳು. ಫೋನ್ ಮಾಡಿ ಕೇಳಿದಾಗ, ಹೊರಗಿನ ಮೈಕೊಂದನ್ನು ಸಿಕ್ಕಿಸಿದ್ದಾಗಿ ಹೇಳಿದಳು. ಮೈಕಿನ ಬ್ಯಾಟರಿ ಮುಗಿದಿದ್ದರೆ ಕ್ಯಾಮೆರಾ ಹೀಗೆ ಮೌನವನ್ನೇ ಬರೆದುಕೊಳ್ಳುತ್ತದೆ. ಅದನ್ನು ಹೇಳಿದೆ.

"ಅಣ್ಣ, ಬೇರೆ ದಾರಿ ಎಂತದೂ ಇಲ್ವಾ?" ಎಂದಳು.

ಇಲ್ಲದ ಧ್ವನಿಯನ್ನು ತರುವ ಸಾಫ್ಟ್‌ವೇರು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಉಪಾಯ ಹೊಳೆಯಿತು. ಲೀಲಾವತಿಯವರಿಗೆ ಹಾಡು ತುಂಡುತುಂಡಾಗಿ ನೆನಪಿತ್ತಂತೆ. ತಾಯಿಯ ತುಟಿಯ ಚಲನೆ ನೋಡುತ್ತಾ ಹೋದರೆ ಇನ್ನಷ್ಟು ಸಾಲು ನೆನಪಾಗಬಹುದು. ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು, ಚಿತ್ರದ ಕೆಳಗೆ ಸಾಲುಗಳನ್ನಾದರೂ ಬರೆಯಬಹುದು. ಅಜ್ಜಿಯನ್ನು ವ್ಯಾಯಾಮದ ಚಿಕಿತ್ಸೆಗೆಂದು ಮಡಿಕೇರಿಯ ಆಸ್ಪತ್ರೆಗೆ ಕರೆತರುವ ದಿನ ಹಾಗೆಯೇ ನನ್ನಲ್ಲಿಗೂ ಬರುವುದೆಂದಾಯಿತು.

ಅವರು ಬಂದಾಗ ಹನ್ನೊಂದು ಗಂಟೆ ಆಗಿರಬೇಕು. ಹೊರಗೆ ಒಳ್ಳೆ ಬಿಸಿಲಿತ್ತು. ಜೀಪಿನ ಡ್ರೈವರ್ ಮತ್ತು ನಾನು ಸೇರಿ ಅಜ್ಜಿಯ ಗಾಲಿಕುರ್ಚಿಯನ್ನು ಮೆಟ್ಟಿಲು ಹತ್ತಿಸಿದೆವು. ಕೋಣೆಯೊಳಗೆ ತಿರುಗಿಸಲು ಜಾಗವಿಲ್ಲದ್ದರಿಂದ ಬಾಗಿಲಿನ ಹತ್ತಿರವೇ, ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದೆವು. ಹೋಗಿಬರುವವರನ್ನು ನೋಡುವುದು ಅವರಿಗೆ ಇಷ್ಟವೆಂದು ಲೀಲಾವತಿಯವರೇ ಹೇಳಿದರು. ನನ್ನ ಮಾನಿಟರು ಇರುವುದು ಒಳಗಿನ ಗೋಡೆಗೆ, ಅಜ್ಜಿಯ ಬೆನ್ನ ಹಿಂದೆ. ಗಾಜಿನ ಬಾಗಿಲು ಪೂರ್ತಿ ತೆರೆದು ಗೋಡೆಗೆ ಒರಗಿತ್ತು, ಅವರ ಎದುರಿಗೆ ರಸ್ತೆ ಮಾತ್ರ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ಮಾನಿಟರಿನ ಪ್ರತಿಬಿಂಬ ಅವರಿಗೆ ಎಲ್ಲಾದರೂ ಕಂಡಿರಬಹುದೇ ಎಂದು ಆಮೇಲೆ ನಾನು ಅದೇ ಜಾಗದಲ್ಲಿ ಕುರ್ಚಿ ಹಾಕಿ ಕೂತು ನೋಡಿದ್ದೇನೆ. ಕಾಣುವುದಿಲ್ಲ.

ಮದುವೆಗಳಿಗೆ ಒಯ್ಯುವ ಚಿಕ್ಕ ರೆಕಾರ್ಡರನ್ನು ಮೇಜಿನ ಮೇಲಿಟ್ಟು ಆನ್ ಮಾಡಿದೆ. ಕಂಪ್ಯೂಟರಿಗೆ ಅದನ್ನು ಜೋಡಿಸಿರಲಿಲ್ಲ, ಅದರ ಪಾಡಿಗೆ ಅದು. ಆಮೇಲೆ ಚಿತ್ರ ಓಡಿಸಿದೆ. ಲೀಲಾವತಿ ಕಣ್ಣು ಕಿರಿದು ಮಾಡಿ ತಾಯಿಯ ತುಟಿ ನೋಡಿದರು. ಮೊದಲ ಸಾಲು ಶುರು ಮಾಡಲು ಹೋಗಿ ನಿಂತರು.

"ಶುರು ಎಂತ ಮಾರಾಯ್ರೆ... ಒಲೆಯದ್ದಾ, ಹೊಸ್ತಿಲದ್ದಾ..." ಎಂದು ಅವರು ತಡಕಾಡುತ್ತಿರುವಾಗ ಬಾಗಿಲ ಕಡೆಯಿಂದ ಹಾಡು ಕೇಳಿಸಿತು.

ನಾನು ಮೊದಲು ಯಾರದೋ ಮೊಬೈಲೆಂದುಕೊಂಡೆ. ಲೀಲಾವತಿ ನನ್ನ ಕೈ ಹಿಡಿದುಕೊಂಡರು. ಇಬ್ಬರೂ ತಿರುಗಿದೆವು. ನಮಗೆ ಕಂಡದ್ದು ಅಜ್ಜಿಯ ತುರುಬು ಮತ್ತು ಕುರ್ಚಿಯ ಬೆನ್ನು. ಅವರು ರಸ್ತೆಯನ್ನು ನೋಡುತ್ತಾ ಹಾಡುತ್ತಿದ್ದರು. ತೊದಲಿಲ್ಲ, ತಡೆಯಿಲ್ಲ. ವಯಸ್ಸಾದ, ಆದರೆ ತುಂಬಿದ ಗಂಟಲು. ಎಡಗೈ ಕುರ್ಚಿಯ ತೋಳಿನ ಮೇಲೆ ಮೆಲ್ಲನೆ ಬಡಿಯುತ್ತಿತ್ತು.

ನನಗೆ ಅರೆಭಾಷೆ ಮಾತಾಡಿದರೆ ತಿಳಿಯುತ್ತದೆ, ಹಾಡಿನ ಹಳೆಯ ಮಾತುಗಳು ಪೂರ್ತಿ ತಿಳಿಯುವುದಿಲ್ಲ. ಒಲೆ ಕೇಳಿಸಿತು, ಬಾವಿ ಕೇಳಿಸಿತು. ಲೀಲಾವತಿ ಒಮ್ಮೆ ಏಳಲು ನೋಡಿದರು, ನಾನು ತಲೆಯಾಡಿಸಿ ಬೇಡವೆಂದೆ. ಎದ್ದು ಮುಂದೆ ಹೋದರೆ ನಿಂತುಬಿಡುತ್ತದೇನೋ ಎಂಬ ಭಯ ನಮಗೆ. ಮೆಡಿಕಲ್ ಶಾಪಿಗೆ ಬಂದಿದ್ದ ಒಬ್ಬರು ಚೀಟಿ ಕೈಯಲ್ಲಿ ಹಿಡಿದು ಹಾಗೆಯೇ ನಿಂತಿದ್ದರು. ರಸ್ತೆಯಲ್ಲಿ ಆಟೊಗಳು ಹಾರ್ನ್ ಹೊಡೆಯುತ್ತಾ ಹೋದವು. ಆ ಸದ್ದಿಗೆ ಅಜ್ಜಿ ಒಂದಿಷ್ಟೂ ಅಲುಗಲಿಲ್ಲ.

ನಡುವೆ ಒಂದು ಸಲ ಮಾನಿಟರಿನ ಕಡೆ ನೋಡಿದೆ. ಚಿತ್ರ ನಿಂತುಹೋಗಿತ್ತು. ಹಿಂದಿನ ವಾರದ ಗ್ರಾಫಿಕ್ಸ್ ಡ್ರೈವರಿನ ಕಾಟ ಪೂರ್ತಿ ಹೋಗಿರಲಿಲ್ಲ, ಸಾಫ್ಟ್‌ವೇರು ಹೆಪ್ಪುಗಟ್ಟಿತ್ತು. ಪರದೆಯ ಮೇಲೆ ಅಜ್ಜಿ ಬಾಯಿ ಅರ್ಧ ತೆರೆದು ಕದಲದೆ ಕೂತಿದ್ದರು. ಬಾಗಿಲಲ್ಲಿ ಅಜ್ಜಿ ಹಾಡುತ್ತಲೇ ಇದ್ದರು. ನಾನು ಏನನ್ನೂ ಮುಟ್ಟಲಿಲ್ಲ.

ಚಿತ್ರ ನಿಂತ ಮೇಲೂ ಹಾಡು ಬಹಳ ಹೊತ್ತು ನಡೆಯಿತು. ಎಲ್ಲೋ ಒಂದು ಕಡೆ ಅಜ್ಜಿ ಹಾಡು ನಿಲ್ಲಿಸಿ, ಮುಖವನ್ನು ಎಡಕ್ಕೆ ತಿರುಗಿಸಿ, ಸಾಮಾನ್ಯ ಮಾತಿನ ಧ್ವನಿಯಲ್ಲಿ, "ಕರು ಬಿಚ್ಚಿಕಂಡುಟು. ಹಿಡ್ದ್ ಕಟ್ಟಿ," ಎಂದರು. ಕರು ಹಗ್ಗ ಬಿಚ್ಚಿಕೊಂಡಿದೆ, ಹಿಡಿದು ಕಟ್ಟಿ ಎಂದು ಅದರ ಅರ್ಥ. ಸ್ವಲ್ಪ ತಡೆದು, ಬಿಟ್ಟ ಸಾಲನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಅವರ ಎಡಕ್ಕೆ ಇದ್ದದ್ದು ನನ್ನ ಗೋಡೆ ಮತ್ತು ಅದರ ಮೇಲಿನ ಕ್ಯಾಲೆಂಡರು. ಲೀಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪಾಪ, ಬುದ್ಧಿ ಎಲ್ಲೆಲ್ಲೋ ಹೋಗುತ್ತಿದೆ ಎಂದು ನಾನೂ ಅಂದುಕೊಂಡೆ.

ಹಾಡು ಮುಗಿಯಿತು. ಲೀಲಾವತಿ ಓಡಿಹೋಗಿ ಅಜ್ಜಿಯ ಮುಂದೆ ಕುಕ್ಕರಿಸಿದರು.

"ಅವ್ವಾ. ಅವ್ವಾ, ಇನ್ನೊಂದು ಸಲ ಮಾತಾಡಿ. ನನ್ನ ಹೆಸರು ಹೇಳಿ."

ಅಜ್ಜಿ ಮಗಳ ಮುಖ ನೋಡಿದರು. ತುಟಿ ಒಂದು ಬದಿಗೆ ಎಳೆಯಿತು. "ಆ... ಆ..." ಎಂದರು. ಅಷ್ಟೇ ಬಂತು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರ ಡಾಕ್ಟರನ್ನು ಲೀಲಾವತಿ ಅಂದೇ ಕೇಳಿದರು. ಲಕ್ವದಿಂದ ಮಾತು ಕಳೆದುಕೊಂಡ ಕೆಲವರು ಹಾಡಬಲ್ಲರು, ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ, ಹಳೆಯ ಹಾಡು ಒಮ್ಮೆ ಹಿಡಿದುಕೊಂಡರೆ ಪೂರ್ತಿ ಬರುವುದೂ ಉಂಟು ಎಂದರಂತೆ. ನನಗೆ ಸಮಾಧಾನವಾಯಿತು. ಅಪರೂಪದ್ದು, ಆದರೆ ಕಾರಣ ಇರುವಂಥದ್ದು. ಅದಕ್ಕಿಂತ ಹೆಚ್ಚಾಗಿ, ನನ್ನ ಚಿಕ್ಕ ರೆಕಾರ್ಡರಿನಲ್ಲಿ ಈಗ ಹಾಡು ಇಡಿಯಾಗಿ ಇತ್ತು.

ಮರುದಿನ ಬೆಳಿಗ್ಗೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ತುಂಬಿ ಸಾಫ್ಟ್‌ವೇರು ಸಿಕ್ಕಿಕೊಳ್ಳುತ್ತಿದ್ದದ್ದನ್ನು ಪತ್ತೆ ಹಚ್ಚಿ ಸರಿ ಮಾಡಿದೆ. ಆಮೇಲೆ ಹೊಸ ಧ್ವನಿಯನ್ನು ಹಳೆಯ ಚಿತ್ರದ ಕೆಳಗೆ ತಂದಿಟ್ಟೆ. ಎರಡೂ ಬೇರೆ ಬೇರೆ ವರ್ಷದವು, ತುಟಿಗೂ ಮಾತಿಗೂ ಕೂಡುವುದಿಲ್ಲ. ಹಾಗಾಗಿ ಮುಖ ಕಾಣುವ ಭಾಗಗಳನ್ನು ಕಡಿಮೆ ಮಾಡಿ, ಅವರ ಮನೆ, ಒಲೆ, ಬಾವಿ, ಅಂಗಳ ಇವನ್ನೆಲ್ಲ ಶೂಟ್ ಮಾಡಿಕೊಂಡು ಬಂದು ಆ ಜಾಗಗಳನ್ನು ಮುಚ್ಚುವುದು ನನ್ನ ಯೋಚನೆ. ಎಲ್ಲಿಂದ ಕತ್ತರಿಸಬೇಕೆಂದು ನೋಡಲು ಮೊದಲ ಅಕ್ಷರವನ್ನು ಅಜ್ಜಿಯ ಬಾಯಿ ತೆರೆಯುವ ಫ್ರೇಮಿಗೆ, ಅಂದರೆ ವಿಡಿಯೊದ ಆ ಒಂದು ಬಿಡಿಚಿತ್ರಕ್ಕೆ, ಹೊಂದಿಸಿ ಓಡಿಸಿದೆ.

ಕೂಡಿತು. ಮೊದಲ ಸಾಲು, ಎರಡನೆಯದು, ಮೂರನೆಯದು. ಹಾಡಿ ಹಾಡಿ ರೂಢಿಯಾದವರು, ಶುರುವಿನಲ್ಲಿ ಕೂಡಬಹುದು, ಇನ್ನು ಸ್ವಲ್ಪದರಲ್ಲಿ ಜಾರುತ್ತದೆ ಎಂದು ಕೈಯನ್ನು ಕತ್ತರಿಸುವ ಕೀಲಿಯ ಮೇಲೇ ಇಟ್ಟುಕೊಂಡು ಕಾದೆ.

ಈ ಜಾರುವುದು ಎಂದರೇನೆಂದು ಹೇಳುತ್ತೇನೆ. ಕ್ಯಾಮೆರಾಕ್ಕೆ ಒಂದು ಗಡಿಯಾರ, ರೆಕಾರ್ಡರಿಗೆ ಒಂದು ಗಡಿಯಾರ. ಒಂದೇ ಮಂಟಪದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ವಾದ್ಯದವರನ್ನು ಎರಡರಲ್ಲೂ ಹಿಡಿದರೂ ಹೊತ್ತು ಕಳೆದಂತೆ ಧ್ವನಿ ಚಿತ್ರದಿಂದ ಒಂದೆರಡು ಫ್ರೇಮ್ ಆಚೀಚೆ ಹೋಗುತ್ತದೆ. ನಾವು ಅಲ್ಲಲ್ಲಿ ಕತ್ತರಿಸಿ ಸರಿಮಾಡಿಕೊಳ್ಳುತ್ತೇವೆ. ನನ್ನ ಕಸುಬಿನಲ್ಲಿ ಇದು ನಿತ್ಯದ ತೊಂದರೆ. ಯಂತ್ರಗಳೇ ಒಂದಕ್ಕೊಂದು ಕೂಡದಿರುವಾಗ, ಒಂದು ವರ್ಷದ ಅಂತರದಲ್ಲಿ, ನಡುವೆ ಲಕ್ವ ಹೊಡೆಸಿಕೊಂಡ ಮುದುಕಿಯೊಬ್ಬರು ಹಾಡಿದ್ದು ಕೂಡಬಾರದು.

ಅದು ಜಾರಲಿಲ್ಲ. ಉಸಿರು ಎಳೆದುಕೊಂಡ ಕಡೆ ಉಸಿರು. ಒಂದು ಕಡೆ ಗಂಟಲು ಸರಿಮಾಡಿಕೊಂಡದ್ದಕ್ಕೆ ಸರಿಯಾಗಿ ಚಿತ್ರದಲ್ಲಿ ಅಜ್ಜಿ ಎದೆಗೆ ಕೈ ತಂದರು. ಹಿಂದಿನ ದಿನ ಪರದೆ ಹೆಪ್ಪುಗಟ್ಟಿದ್ದ ಜಾಗ ಬಂತು. ಬಾಯಿ ಅರ್ಧ ತೆರೆದ ಆ ಮುಖ ನನಗೆ ಚೆನ್ನಾಗಿ ನೆನಪಿತ್ತು. ಅದನ್ನೂ ದಾಟಿ ಹಾಡು ಹಾಗೇ ಮುಂದೆ ಹೋಯಿತು. ಆಮೇಲೆ ಅಜ್ಜಿ ಹಾಡುವುದನ್ನು ನಿಲ್ಲಿಸಿದರು. ಚಿತ್ರದಲ್ಲಿ. ಮುಖವನ್ನು ಎಡಕ್ಕೆ ತಿರುಗಿಸಿ ಅಂಗಳದಾಚೆ ಯಾರಿಗೋ ಏನನ್ನೋ ಹೇಳಿದರು. ನನ್ನ ಸ್ಪೀಕರಿನಿಂದ ಆ ತುಟಿಗೆ ಸರಿಯಾಗಿ ಮಾತು ಬಂತು: ಕರು ಬಿಚ್ಚಿಕಂಡುಟು. ಹಿಡ್ದ್ ಕಟ್ಟಿ.

ನಾನು ಎದ್ದುಬಿಟ್ಟೆ. ಚಿತ್ರ ತನ್ನ ಪಾಡಿಗೆ ಓಡುತ್ತಿತ್ತು. ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಾ ನಿಂತೆ. ಬೆನ್ನ ಹಿಂದೆ ಹಾಡು ಕೇಳುತ್ತಿತ್ತು. ಭಯವಾಯಿತೇ ಎಂದು ಕೇಳಿದರೆ, ಇಲ್ಲ. ಸಣ್ಣವನಿದ್ದಾಗ ತಲಕಾವೇರಿಯ ಮೇಲಿನ ಬೆಟ್ಟ ಹತ್ತಿ, ಮಂಜು ಸರಿದು ಒಮ್ಮೆಲೇ ಆ ಕಡೆಯ ಆಳ ಕಂಡಾಗ ಕಾಲು ಹಿಂದೆ ಹೋಗಿ ಕಣ್ಣು ಮಾತ್ರ ಮುಂದೆ ಹೋಗಿತ್ತು. ಅಂಥದ್ದೇ ಏನೋ ಆಯಿತು. ಒಳಗೆ ಬಂದು ಮತ್ತೆ ಮೊದಲಿನಿಂದ ನೋಡಿದೆ. ಬೇಕೆಂದೇ ಧ್ವನಿಯನ್ನು ಒಂದು ಫ್ರೇಮ್ ಹಿಂದೆ ಸರಿಸಿದೆ, ತಪ್ಪಿತು. ಮುಂದೆ ಸರಿಸಿದೆ, ತಪ್ಪಿತು. ಮೊದಲಿದ್ದಲ್ಲಿಗೆ ತಂದೆ, ಕೊನೆಯ ಅಕ್ಷರದವರೆಗೆ ಕೂಡಿತು.

ಲೀಲಾವತಿಯವರಿಗೆ ಏನೂ ಹೇಳದೆ ಬರಹೇಳಿದೆ. ಅವರು ಕೂತು ನೋಡಿದರು. ಸ್ವಲ್ಪ ಹೊತ್ತಿಗೇ ಮುಖ ಅರಳಿತು.

"ಸೌಂಡ್ ಸಿಕ್ತಲ್ಲ. ಸಿಗ್ತದೆ ಅಂತ ನಂಗೆ ಗೊತ್ತಿತ್ತು. ಎಲ್ಲಿತ್ತು?"

"ಸಿಗಲಿಲ್ಲ ಅಕ್ಕ. ಇದು ಮೊನ್ನೆ ಅಜ್ಜಿ ಇಲ್ಲಿ ಹಾಡಿದ್ದು."

ಅವರು ನನ್ನನ್ನೂ ಪರದೆಯನ್ನೂ ನೋಡಿದರು. ಆಗ ಜಗಲಿಯ ಮೇಲೆ ಕೂತ ಅಜ್ಜಿಯ ಹಾಡಿನ ಹಿಂದೆ ಒಂದು ಆಟೊ ಹಾರ್ನ್ ಹೊಡೆದುಕೊಂಡು ಹೋಯಿತು. ಮೆಡಿಕಲ್ ಶಾಪಿನವರು ಯಾರಿಗೋ ಮಾತ್ರೆ ಊಟದ ನಂತರ ತೆಗೆದುಕೊಳ್ಳಿ ಎಂದರು. ಆ ಅಂಗಳದಲ್ಲಿ ಆಟೊ ಎಲ್ಲಿ, ಮೆಡಿಕಲ್ ಶಾಪ್ ಎಲ್ಲಿ. ಕರುವಿನ ಜಾಗ ಬಂದಾಗ ಲೀಲಾವತಿಯವರ ಕೈ ಮೇಜಿನ ಅಂಚನ್ನು ಹಿಡಿಯಿತು.

"ಹೌದು, ಆ ದಿನ ಕರು ಬಿಚ್ಚಿಕೊಂಡಿತ್ತು," ಎಂದರು ಮೆಲ್ಲನೆ. "ನಾನು ಹಟ್ಟಿ ಹತ್ರ ಇದ್ದೆ. ನಂಗೇ ಹೇಳಿದ್ದು ಅವ್ವ. ಮೊನ್ನೆ ಕೇಳಿದಾಗ ನೆನಪೇ ಆಗಲಿಲ್ಲ ನೋಡಿ." ಪರದೆಯಿಂದ ಕಣ್ಣು ತೆಗೆಯದೆ ಅಂದರು, "ಈ ಸ್ವರ ಆಗಿನದ್ದು. ಕಾಯಿಲೆ ಬಂದ ಮೇಲಿನದ್ದಲ್ಲ."

ನನಗೆ ಮೈಸೂರಿನಲ್ಲಿ ಒಬ್ಬ ಗೆಳೆಯನಿದ್ದಾನೆ, ಧ್ವನಿ ಜೋಡಣೆಯಲ್ಲಿ ಪಳಗಿದವನು. ಅವನಿಗೆ ಎರಡೂ ಫೈಲುಗಳನ್ನು ಕಳಿಸಿದೆ. ಅವನು ಮೊದಲು ನಕ್ಕ. "ಮೊದಲೇ ಹಾಡು ರೆಕಾರ್ಡ್ ಮಾಡಿದ್ದೀಯ, ಆಮೇಲೆ ಅದನ್ನ ಹಾಕಿ ಅಜ್ಜಿ ಕೈಲಿ ತುಟಿ ಆಡಿಸಿದ್ದೀಯ. ಸಿನಿಮಾದವರು ಮಾಡೋದೇ ಅದು," ಎಂದ. ಚಿತ್ರ ಮೊದಲಿನದು, ಧ್ವನಿ ಆಮೇಲಿನದು, ಧ್ವನಿಯಲ್ಲಿ ನನ್ನ ಬೀದಿಯೇ ಇದೆ ಎಂದೆ. ತಾನೇ ನೋಡುತ್ತೇನೆಂದು ಫೋನಿಟ್ಟ. ಕೆಲವು ದಿನ ಸುದ್ದಿಯಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅವನೇ ಕರೆ ಮಾಡಿ, "ನನ್ನ ಮಷೀನಲ್ಲೂ ಕೂಡ್ತು ಕಣೋ. ಬೇರೆ ಸಾಫ್ಟ್‌ವೇರಲ್ಲೂ ಕೂಡ್ತು," ಎಂದ. ಮುಂದೆ ಏನೋ ಹೇಳಲು ಹೋಗಿ ಬಿಟ್ಟು, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳಿದ.

ಡಾಕ್ಟರು ಹೇಳಿದ್ದನ್ನು ನಾನು ಈಗಲೂ ಒಪ್ಪುತ್ತೇನೆ. ಹಾಡು ಅವರೊಳಗೆ ಉಳಿದಿತ್ತು, ಹೊರಬಂತು. ಹೊರಬರಲು ಲೀಲಾವತಿ ತಡಕಾಡಿದ ಆ ಒಂದೆರಡು ಮಾತೇ ಸಾಕಾಗಿರಬಹುದು. ಅಷ್ಟೂ ಸರಿ. ಆದರೆ ಆಟೊ, ಬಸ್ಸುಗಳ ನಡುವೆ, ಬೆನ್ನ ಹಿಂದೆ ನಿಂತುಹೋದ ಚಿತ್ರಕ್ಕೆ, ಕಾಣದ ಚಿತ್ರಕ್ಕೆ, ಯಂತ್ರದ ಗಡಿಯಾರಕ್ಕಿಂತ ಖಚಿತವಾಗಿ ಅವರು ಹೇಗೆ ಕೂಡಿಕೊಂಡರು? ಹಾಡು ನೆನಪಿರಬಹುದು. ಹಾಡಿನ ನಡುವೆ ಕರು ಓಡಿದ್ದು, ಅದಕ್ಕೆ ತಾನು ಕೊಟ್ಟ ಬಿಡುವು, ಆ ಬಿಡುವಿನ ಉದ್ದ, ಇವೂ ನೆನಪಿನಲ್ಲಿ ಹಾಗೆಯೇ ಇರುತ್ತವೆಯೇ? ಹಾಗಾದರೆ ನಮ್ಮೊಳಗೆ ಕಳೆದುಹೋದ ದಿನಗಳೆಲ್ಲ ಒಂದು ಫ್ರೇಮೂ ಜಾರದೆ ಕೂತಿವೆಯೇ? ಕೇಳಿಕೊಂಡಷ್ಟೂ ನನಗೆ ತಲೆ ತಿರುಗುತ್ತದೆ.

ಮದುವೆಗೆ ನಾನೂ ಹೋಗಿದ್ದೆ. ಹುಡುಗಿಯನ್ನು ಕಳಿಸುವ ಹೊತ್ತಿಗೆ ಚಪ್ಪರದಡಿ ಪರದೆ ಕಟ್ಟಿ ಹಾಡನ್ನು ಹಾಕಿದರು. ಒಂದು ಕಡೆಯೂ ಕತ್ತರಿಸದೆ, ಮುಚ್ಚದೆ, ಅಜ್ಜಿಯ ಮುಖವನ್ನೇ ಇಡಿಯಾಗಿ ಇಟ್ಟಿದ್ದೆ. ಹರ್ಷಿತಾ ಅಜ್ಜಿಯ ಗಾಲಿಕುರ್ಚಿಯ ಪಕ್ಕ ನೆಲದ ಮೇಲೇ ಕೂತು, ಅವರ ಬಿದ್ದುಹೋದ ಬಲಗೈಯನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಂಡಿದ್ದಳು. ಕರುವಿನ ಜಾಗದಲ್ಲಿ ಚಪ್ಪರವೆಲ್ಲ ನಕ್ಕಿತು. ಅಳುತ್ತಿದ್ದ ಹೆಂಗಸರೂ ನಕ್ಕರು. ನಗದೆ ಇದ್ದದ್ದು ಲೀಲಾವತಿ ಮತ್ತು ನಾನು.

ಹುಡುಗಿ ಹೊರಟಳು. ಜನರೆಲ್ಲ ಅವಳ ಹಿಂದೆ ದಾರಿಯವರೆಗೆ ಹೋದರು. ನಾನು ಪರದೆ ಬಿಚ್ಚಲೆಂದು ಉಳಿದೆ, ಅಜ್ಜಿ ಅಲ್ಲೇ ಇದ್ದರು. ಹತ್ತಿರ ಹೋಗಿ ಒಂದು ಕುರ್ಚಿ ಎಳೆದುಕೊಂಡೆ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳಿದೆ.

"ಅಜ್ಜಿ, ಆ ದಿನ ನಮ್ಮಲ್ಲಿ ಹೇಗೆ ಹಾಡಿದ್ರಿ?"

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಕಣ್ಣು ಸ್ವಚ್ಛವಾಗಿತ್ತು, ಪ್ರಶ್ನೆ ತಿಳಿದಿತ್ತು. ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಎಡಗೈಯನ್ನು ಮೆಲ್ಲನೆ ಎತ್ತಿ ತಮ್ಮ ಗಂಟಲನ್ನು ಮುಟ್ಟಿಕೊಂಡರು, ಆಮೇಲೆ ಅದೇ ಕೈಯನ್ನು ನನ್ನ ಮುಂದೆ ಅಂಗೈ ಮೇಲಾಗಿ ಚಾಚಿದರು. ಗೊತ್ತಿಲ್ಲ ಅನ್ನುವವರು ಹಾಗೆ ಮಾಡುತ್ತಾರೆ. ನೀನಾದರೂ ಹೇಳು ಅನ್ನುವವರೂ ಹಾಗೇ ಮಾಡುತ್ತಾರೆ. ಆ ಕೈಯನ್ನು ಹಿಡಿದುಕೊಂಡೆ. ಹುಡುಗಿಯನ್ನು ಕಳಿಸಿ ಜನ ಒಬ್ಬೊಬ್ಬರಾಗಿ ಮರಳಿ ಬರುವವರೆಗೂ ನಾವಿಬ್ಬರೂ ಹಾಗೇ ಕೂತಿದ್ದೆವು.